ಬೆಂಗಳೂರಿನ ಕಾಲೇಜಿನಿಂದ ನೇಪಾಳದ ಶಾಲೆಗೆ: ವಿದ್ಯಾರ್ಥಿಗಳ ಸೇವಾ ಪ್ರವಾಸ ಹಮ್ಮಿಕೊಳ್ಳುವುದು ಹೇಗೆ

ನೇಪಾಳದ ಕಾಭ್ರೆ ಜಿಲ್ಲೆಯ ಗುಡ್ಡದ ಮೇಲೊಂದು ಸರ್ಕಾರಿ ಶಾಲೆ. ಅಲ್ಲಿ ಬೀಗ ಜಡಿದ ಒಂದು ಕೋಣೆ, ಒಳಗೆ ದೂಳು ಹೊದ್ದ ಒಂಬತ್ತು ಕಂಪ್ಯೂಟರ್. ಯಾರೋ ಪುಣ್ಯಾತ್ಮರು ಕೊಟ್ಟು ಹೋಗಿದ್ದರು, ಕೆಟ್ಟಾಗ ನೋಡುವವರು ಇರಲಿಲ್ಲ. ಬೆಂಗಳೂರಿನಿಂದ ನಾವು ವಿಡಿಯೊ ಕಾಲ್ ಮಾಡಿದಾಗ ಹೆಡ್‌ಮಾಸ್ಟರು ಬೀಗ ತೆಗೆದು, ಒಂದನ್ನು ಆನ್ ಮಾಡಿ, ಫೋನನ್ನು ಪರದೆಗೆ ಹಿಡಿದರು. ಕಪ್ಪು ಪರದೆ, ಬಿಳಿ ಅಕ್ಷರ: ತಾರೀಕು ಸರಿಯಿಲ್ಲ, ಎಫ್1 ಒತ್ತಿ. ನಮ್ಮ ಮೂರನೇ ವರ್ಷದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದಲೇ, ‘ಸಾರ್, ಸಿಮೋಸ್ ಸೆಲ್ ಹೋಗಿದೆ ಅಷ್ಟೆ’ ಅಂದಳು. ಕಂಪ್ಯೂಟರಿಗೆ ತಾರೀಕು ನೆನಪಿಡುವ, ರೂಪಾಯಿ ನಾಣ್ಯದಷ್ಟಿರುವ ಆ ಬಟನ್ ಸೆಲ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಒಂದು ಕಾಫಿ ದುಡ್ಡಿಗೆ ಸಿಗುತ್ತದೆ. ಎಫ್1 ಒತ್ತಿದ್ದರೂ ಮುಂದೆ ಹೋಗುತ್ತಿತ್ತು. ಕೆಟ್ಟಿದೆ ಅಂದುಕೊಂಡು ಬೀಗ ಹಾಕಿದ್ದರು.

ಹಾಗಾದರೆ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತಲ್ಲ, ಅಷ್ಟು ದೂರ ಹೋಗಿದ್ದೇಕೆ? ಫೋನಿನಲ್ಲೇ ಹೇಳಿದೆವು. ಆರು ಕಂಪ್ಯೂಟರ್ ನಾವು ಟಿಕೆಟ್ ಮಾಡಿಸುವ ಮೊದಲೇ ಎದ್ದು ಕೂತವು. ಅದಾದ ಮೇಲೆ ಹೆಡ್‌ಮಾಸ್ಟರು ಬರೆದರು: ಮಿಕ್ಕ ಮೂರನ್ನು ನೋಡಿ, ಜೊತೆಗೆ ನಮ್ಮ ಇಬ್ಬರು ಶಿಕ್ಷಕರಿಗೂ ಒಂಬತ್ತನೇ ತರಗತಿಯ ಮಕ್ಕಳಿಗೂ ಬಿಚ್ಚಿ ಜೋಡಿಸುವುದನ್ನು ಕಲಿಸಿಕೊಡಿ. ಅದು ಫೋನಿನಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಹೋದೆವು.

ನಾನು ಬೆಂಗಳೂರು ದಕ್ಷಿಣದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಷ್ಟ್ರು. 2024ರ ಫೆಬ್ರವರಿಯಲ್ಲಿ ಹನ್ನೆರಡು ವಿದ್ಯಾರ್ಥಿಗಳು, ನಾನು, ಒಬ್ಬರು ಮೇಡಂ ಹತ್ತು ದಿನ ಹೋಗಿ ಬಂದೆವು. ತಯಾರಿಗೆ ಎಂಟು ತಿಂಗಳು ಹಿಡಿಯಿತು. ಈಚೆಗೆ ಬೇರೆ ಕಾಲೇಜಿನವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಹೆಜ್ಜೆ 1: ಮೊದಲು ಅವರ ಪಟ್ಟಿ, ಆಮೇಲೆ ನಿಮ್ಮ ಟಿಕೆಟ್

ನಮ್ಮ ಮೊದಲ ಯೋಜನೆ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್. ಬಣ್ಣ ಬಳಿಯುವವರು ಆ ಊರಿನಲ್ಲೇ ಇದ್ದಾರೆ, ನಮ್ಮ ಹುಡುಗರಿಗಿಂತ ಚೆನ್ನಾಗಿ ಬಳಿಯುತ್ತಾರೆ, ಆ ಕೂಲಿ ಅವರಿಗೆ ಬೇಕು. ನಮ್ಮ ಒಬ್ಬ ಹುಡುಗನ ವಿಮಾನದ ದುಡ್ಡಿನಲ್ಲಿ ಒಂದಿಡೀ ಕೋಣೆಗೆ ಬಣ್ಣ ಹೊಡೆಸಬಹುದು.

ಆದ್ದರಿಂದ ಮೊದಲ ಪತ್ರದಲ್ಲಿ ‘ನಾವು ಇದನ್ನು ಮಾಡಿಕೊಡುತ್ತೇವೆ’ ಅಂತ ಬರೆಯಬೇಡಿ. ‘ನಮ್ಮಲ್ಲಿ ಇಂಥಿಂಥ ಕೆಲಸ ಬಲ್ಲವರಿದ್ದಾರೆ, ನಿಮಗೆ ಏನಾದರೂ ಬೇಕೆ’ ಅಂತ ಕೇಳಿ. ಉತ್ತರ ಬಂದ ಮೇಲೆ ವಿಡಿಯೊ ಕಾಲ್ ಮಾಡಿ ಜಾಗವನ್ನು ಕಣ್ಣಾರೆ ನೋಡಿ. ಅವರು ಕೊಟ್ಟ ಪಟ್ಟಿಯನ್ನು ಮೂರು ಭಾಗ ಮಾಡಿ: ಫೋನಿನಲ್ಲೇ ಆಗುವುದು, ದುಡ್ಡು ಕಳಿಸಿದರೆ ಊರಿನವರೇ ಮಾಡಿಕೊಳ್ಳುವುದು, ನಾವೇ ಹೋಗಿ ಜೊತೆಗೆ ಕೂತು ಮಾಡಬೇಕಾದದ್ದು. ಮೊದಲೆರಡನ್ನು ಮಾಡಿ ಮುಗಿಸಿ. ಮೂರನೆಯದರಲ್ಲಿ ಏನೂ ಉಳಿಯದಿದ್ದರೆ ಹೋಗಬೇಡಿ, ಇಲ್ಲವೇ ಅದನ್ನು ಅಧ್ಯಯನ ಪ್ರವಾಸ ಅಂತ ಕರೆದು ಹೋಗಿ. ಅದರಲ್ಲಿ ನಾಚಿಕೆಯೇನಿಲ್ಲ. ಸೇವೆ ಅನ್ನುವ ಹೆಸರು ಮಾತ್ರ ಬೇಡ.

ಹೆಜ್ಜೆ 2: ಯಾರ ಜೊತೆ ಹೋಗಬೇಕು

ನೇಪಾಳದ 2015ರ ಸಂವಿಧಾನ ಶಾಲಾ ಶಿಕ್ಷಣವನ್ನು ಸ್ಥಳೀಯ ಸರ್ಕಾರಗಳಿಗೆ ಕೊಟ್ಟಿದೆ. ಅಂದರೆ ಹಳ್ಳಿಗಳ ಕಡೆ ಗಾಉಪಾಲಿಕಾ, ಪಟ್ಟಣಗಳಲ್ಲಿ ನಗರಪಾಲಿಕಾ. ಶಾಲೆಯ ಜೊತೆ ನೇರವಾಗಿ ಕೆಲಸ ಮಾಡುವುದಾದರೆ ಆ ಪಾಲಿಕೆಯ ಶಿಕ್ಷಣ ಶಾಖೆಯಿಂದಲೂ ಒಂದು ಒಪ್ಪಿಗೆ ಪತ್ರ ಬರಲಿ. ಸಂಸ್ಥೆಯ ಮೂಲಕ ಹೋಗುವುದಾದರೆ ಅದು ಜಿಲ್ಲಾ ಆಡಳಿತ ಕಚೇರಿಯಲ್ಲಿ ನೋಂದಣಿಯಾಗಿದೆಯೆ, ಸಮಾಜ ಕಲ್ಯಾಣ ಪರಿಷತ್ತಿಗೆ ಸೇರಿದೆಯೆ, ನವೀಕರಣ ಆಗಿದೆಯೆ ಎಂದು ಪ್ರತಿ ತರಿಸಿ ನೋಡಿ. ನಾವು ಕೇಳಿದಾಗ ಒಂದು ಸಂಸ್ಥೆಯವರು ಬೇಸರ ಮಾಡಿಕೊಂಡು ಮಾತು ನಿಲ್ಲಿಸಿದರು. ಒಳ್ಳೆಯದೇ ಆಯಿತು.

ಪತ್ರದ ತಾರೀಕು ನೋಡಿ ಗಾಬರಿಯಾಗಬೇಡಿ. ಅಲ್ಲಿ ನಡೆಯುವುದು ವಿಕ್ರಮ ಶಕೆ, ನಮ್ಮ ಲೆಕ್ಕಕ್ಕಿಂತ ಸುಮಾರು 57 ವರ್ಷ ಮುಂದೆ. 2080ನೇ ಇಸವಿಯ ಪತ್ರ ಹಿಡಿದು ನಮ್ಮ ಕಾಲೇಜಿನ ಆಫೀಸಿನವರು, ‘ಸಾರ್, ಟೈಪಿಂಗ್ ತಪ್ಪಾಗಿದೆ, ವಾಪಸ್ ಕಳಿಸಿ’ ಅಂದಿದ್ದರು.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ಅನಾಥಾಶ್ರಮಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯಬೇಡಿ. ನೇಪಾಳದ ಇಂಥ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಬದುಕಿದ್ದಾರೆ. ವಿದೇಶಿ ಸ್ವಯಂಸೇವಕರು ಬರುತ್ತಾರೆ, ದುಡ್ಡು ಕೊಡುತ್ತಾರೆ ಅನ್ನುವ ಕಾರಣಕ್ಕೇ ಓದಿಸುತ್ತೇವೆಂದು ಹೇಳಿ ಹಳ್ಳಿಗಳಿಂದ ಮಕ್ಕಳನ್ನು ತಂದು ತುಂಬಿಸಿದ ಪ್ರಕರಣಗಳಿವೆ. ಯುನಿಸೆಫ್ ವರ್ಷಗಳಿಂದ ಎಚ್ಚರಿಸುತ್ತಲೇ ಇದೆ. ಹತ್ತು ದಿನ ಮುದ್ದು ಮಾಡಿ, ಸೆಲ್ಫಿ ತೆಗೆದು, ಕೈಬೀಸಿ ಬರುವವರು ಆ ಮಕ್ಕಳಿಗೆ ಪ್ರತಿ ತಿಂಗಳೂ ಬಂದು ಹೋಗುತ್ತಿರುತ್ತಾರೆ. ಯಾವುದೇ ಏಜೆನ್ಸಿಯ ಪ್ಯಾಕೇಜಿನಲ್ಲಿ ‘ಅನಾಥ ಮಕ್ಕಳೊಂದಿಗೆ ಒಂದು ದಿನ’ ಅಂತ ಇದ್ದರೆ ಆ ಕಾಗದವನ್ನು ಅಲ್ಲೇ ಮಡಚಿಡಿ.

ಹೆಜ್ಜೆ 3: ತಿಂಗಳು ಆರಿಸುವುದು

ದಸರಾ ರಜೆಯಲ್ಲಿ ಹೋಗೋಣ ಅಂತ ಮೊದಲು ಎಲ್ಲರಿಗೂ ಹೊಳೆಯುತ್ತದೆ. ಅಲ್ಲೂ ಅದೇ ಹೊತ್ತಿಗೆ ದಸೈನ್. ಅವರಿಗೆ ವರ್ಷದ ದೊಡ್ಡ ಹಬ್ಬ, ಹದಿನೈದು ದಿನ ನಡೆಯುತ್ತದೆ. ಶಾಲೆಗೆ ಬೀಗ, ಕಠ್ಮಂಡು ಅರ್ಧ ಖಾಲಿ, ಊರಿಗೆ ಹೋಗುವ ಬಸ್ಸು ಕಿಕ್ಕಿರಿದು ತುಂಬಿರುತ್ತದೆ. ಬೇಸಿಗೆ ರಜೆಯ ಕೊನೆಗೆ ಹೊರಟರೆ ಮಳೆ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಡ್ಡ ಜರಿಯುವ ಕಾಲ. 2024ರ ಸೆಪ್ಟೆಂಬರ್ ಕೊನೆಯ ಮಳೆಗೆ ಇದೇ ಕಾಭ್ರೆಯ ರೋಶಿ ಕಣಿವೆಯಲ್ಲಿ ಬಿ.ಪಿ. ಹೆದ್ದಾರಿ ಅಲ್ಲಲ್ಲಿ ಕೊಚ್ಚಿಯೇ ಹೋಯಿತು. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು. ಬೆಂಗಳೂರಿನಿಂದ ಹೋಗುವವರು ಹೆಚ್ಚಾಗಿ ದೆಹಲಿಯಲ್ಲೇ ವಿಮಾನ ಬದಲಿಸುವುದರಿಂದ ಅಲ್ಲಿ ಸಿಕ್ಕಿಕೊಳ್ಳುತ್ತೀರಿ. ಚೈತ್ರ ಮಾಸ, ಅಂದರೆ ಮಾರ್ಚ್ ಮಧ್ಯದಿಂದ ಅಲ್ಲಿ ವಾರ್ಷಿಕ ಪರೀಕ್ಷೆ. ಉಳಿದದ್ದು ನವೆಂಬರ್ ಮಧ್ಯದಿಂದ ಕೊನೆಯ ತನಕ, ಇಲ್ಲವೇ ಫೆಬ್ರವರಿ. ನಮ್ಮ ಸೆಮಿಸ್ಟರಿಗೆ ಎರಡೂ ಹೊಂದುವುದಿಲ್ಲ, ಅದು ನಿಜ. ಪ್ರಾಂಶುಪಾಲರ ಹತ್ತಿರ ಮೊದಲೇ ಮಾತಾಡಿ, 75% ಹಾಜರಿಗೆ ಕುತ್ತು ಬರದ ಹಾಗೆ ‘ಆನ್ ಡ್ಯೂಟಿ’ ಅಂತ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಹಾಲ್ ಟಿಕೆಟ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನಾವು ಹೋದಾಗ ವಾರದ ರಜೆ ಅಲ್ಲಿ ಶನಿವಾರ ಇತ್ತು. ಭಾನುವಾರ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸಿದ್ದು ಕೇಳಿ ನಮ್ಮ ಹುಡುಗರು ಮುಸುಕಿನೊಳಗಿಂದಲೇ ಬೈದುಕೊಂಡರು.

ಹೆಜ್ಜೆ 4: ಯಾರನ್ನು ಕರೆದೊಯ್ಯಬೇಕು

ಹೆಸರು ಕೊಟ್ಟವರು ನಲವತ್ತು ಜನ. ಸಂದರ್ಶನ ಮಾಡಿದರೆ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ನಾನು ಕಂಡುಕೊಂಡ ಜರಡಿ ಒಂದೇ: ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರ. ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಶಾಲೆಯ ವರಾಂಡದಲ್ಲಿ ಮಲಗಿ, ಬೆಳಿಗ್ಗೆ ಐದೂವರೆಗೆ ಎದ್ದು ಚರಂಡಿ ಬಾಚಿ, ಸಾಂಬಾರಿನಲ್ಲಿ ಉಪ್ಪು ಜಾಸ್ತಿಯಾದರೂ ಗೊಣಗದೆ ಉಂಡವರು ಯಾರು ಅಂತ ಶಿಬಿರಾಧಿಕಾರಿಯನ್ನು ಕೇಳಿ. ಎನ್‌ಎಸ್‌ಎಸ್ ಇಲ್ಲದ ಕಾಲೇಜಾದರೆ ಮೂರು ಭಾನುವಾರ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಅದೇ ಕೆಲಸ ಮಾಡಿಸಿ. ಮೂರನೇ ಭಾನುವಾರಕ್ಕೆ ನಲವತ್ತು ಇಪ್ಪತ್ತಾಗುತ್ತದೆ. ನಮ್ಮ ಹುಡುಗರು ಶಿಕ್ಷಕರಿಗೆ ಕಂಪ್ಯೂಟರ್ ಬಿಚ್ಚಿ ತೋರಿಸುವುದನ್ನು ಅಭ್ಯಾಸ ಮಾಡಿದ್ದು ಬನಶಂಕರಿಯ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಅಲ್ಲೂ ಬೀಗ ಹಾಕಿದ ಕೋಣೆಯೊಂದಿತ್ತು. ಅಷ್ಟು ದೂರ ಹೋಗುವ ಮುಂಚೆ ನೋಡಬೇಕಾದದ್ದು ಮೂರು ಕಿಲೋಮೀಟರ್‌ನಲ್ಲೇ ಇತ್ತು.

ಹುಡುಗಿಯರಿದ್ದರೆ ಮೇಡಂ ಒಬ್ಬರು ಇರಲೇಬೇಕು. ಆರೇಳು ವಿದ್ಯಾರ್ಥಿಗಳಿಗೆ ಒಬ್ಬ ಹಿರಿಯರು ಅನ್ನುವ ಲೆಕ್ಕ ದಾಟಬೇಡಿ.

ಹೆಜ್ಜೆ 5: ಕಾಗದ ಪತ್ರ

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ಆಧಾರ್ ಸಾಕು ಅಂತ ನಂಬಿಕೊಂಡು ವಿಮಾನ ನಿಲ್ದಾಣದಿಂದ ವಾಪಸಾದವರಿದ್ದಾರೆ. ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್ ಲೆಕ್ಕಕ್ಕಿಲ್ಲ.

ನನ್ನನ್ನು ಕೇಳಿದರೆ ಎಲ್ಲರಿಗೂ ಪಾಸ್‌ಪೋರ್ಟೇ ಮಾಡಿಸಿಬಿಡಿ. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ 3,500. ಸೇವಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ತಡವಾಗುವುದು ಅಲ್ಲಿ ಅಲ್ಲ, ಪೊಲೀಸ್ ಪರಿಶೀಲನೆಯಲ್ಲಿ. ಪಿಜಿ, ಹಾಸ್ಟೆಲಿನಲ್ಲಿರುವ ಹುಡುಗರು ಹಾಸನದ ಮನೆ ವಿಳಾಸ ಕೊಡುತ್ತಾರೆ, ಪೊಲೀಸಿನವರು ಫೋನ್ ಮಾಡಿದ ದಿನ ಇಲ್ಲಿ ಇಂಟರ್ನಲ್ಸ್ ಬರೆಯುತ್ತಿರುತ್ತಾರೆ. ಯಾವ ವಿಳಾಸ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಯೋಚಿಸಿ.

ಬೇರೆ ದೇಶವಾದರೆ ಮೊದಲು ಕೇಳಬೇಕಾದ ಪ್ರಶ್ನೆ, ಪ್ರವಾಸಿ ವೀಸಾದ ಮೇಲೆ ಸೇವೆ ಮಾಡಬಹುದೆ ಅನ್ನುವುದು. ಸಂಬಳವಿಲ್ಲ ಅಂದ ಮಾತ್ರಕ್ಕೆ ಅದು ಕೆಲಸವಲ್ಲ ಅಂತ ಆಗುವುದಿಲ್ಲ. ಥಾಯ್ಲೆಂಡಿನಲ್ಲಿ ಸ್ವಯಂಸೇವೆಗೂ ಕೆಲಸದ ಪರವಾನಗಿ ಬೇಕು. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿಕೊಂಡರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ಇದಲ್ಲದೆ ಕಾಲೇಜಿನ ಆಡಳಿತ ಮಂಡಳಿಯ ಲಿಖಿತ ಅನುಮತಿ, ಪೋಷಕರಿಬ್ಬರ ಸಹಿ ಇರುವ ಒಪ್ಪಿಗೆ ಪತ್ರ, ಎಲ್ಲರ ಗುರುತಿನ ಚೀಟಿಗಳ ಎರಡು ಸೆಟ್ ಜೆರಾಕ್ಸ್. ಒಂದು ಸೆಟ್ ಬೆಂಗಳೂರಿನಲ್ಲೇ ಇರುವ ಒಬ್ಬ ಸಹೋದ್ಯೋಗಿಯ ಹತ್ತಿರ ಇರಲಿ.

ಹೆಜ್ಜೆ 6: ದುಡ್ಡು

ನಮ್ಮ ನಿಯಮ ಸರಳ. ಪ್ರಯಾಣ, ಊಟ, ವಸತಿ ನಮ್ಮ ಜೇಬಿನಿಂದ. ಶಾಲೆಯ ಕೆಲಸಕ್ಕೆ ಬೇಕಾದ ಸಾಮಾನು ಮಾತ್ರ ಚಂದಾ ಹಣದಿಂದ. ನಮ್ಮ ವಿಮಾನದ ಟಿಕೆಟ್ಟಿಗೆ ಪಕ್ಕದ ಮನೆ ಅಜ್ಜಿ ಯಾಕೆ ದುಡ್ಡು ಕೊಡಬೇಕು? ಕೊಡಲಾಗದ ಮಕ್ಕಳು ಮೂವರಿದ್ದರು. ಅಧ್ಯಾಪಕರು ಸೇರಿ ಒಂದು ಗಂಟು ಮಾಡಿದೆವು. ಯಾರಿಗೆ ಎಷ್ಟು ಹೋಯಿತು ಅನ್ನುವುದು ನನಗೂ ಮೇಡಂಗೂ ಬಿಟ್ಟರೆ ಇಂದಿಗೂ ಯಾರಿಗೂ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಓದುವ ಮಕ್ಕಳು ಮೊದಲು ಓಡುವುದು ಐಟಿ ಕಂಪನಿಗಳು ಸಮಾಜಸೇವೆಗೆ ಎತ್ತಿಡುವ ಸಿಎಸ್‌ಆರ್ ದುಡ್ಡಿಗೆ. ಸುಮ್ಮನೆ ಚಪ್ಪಲಿ ಸವೆಸಬೇಡಿ. ಭಾರತದ ಹೊರಗೆ ಮಾಡುವ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮವೇ ಇದೆ. ನಾವು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಮಸಾಲೆ ಕಡಲೆಕಾಯಿ ಮಾರಿದೆವು, ಸಂಕ್ರಾಂತಿಗೆ ಎಳ್ಳು ಬೆಲ್ಲದ ಪೊಟ್ಟಣ ಕಟ್ಟಿದೆವು. ಕೊಬ್ಬರಿ ಹೆಚ್ಚಿ ಹೆಚ್ಚಿ ಹುಡುಗರ ಬೆರಳೆಲ್ಲ ಬೊಬ್ಬೆ. ಆದರೆ ಆ ವಾರದಲ್ಲಿ ಗುಂಪು ಒಂದಾದ ಹಾಗೆ ಬೇರೆ ಯಾವ ತರಬೇತಿಯಲ್ಲೂ ಆಗಲಿಲ್ಲ. ಬಂದ ದುಡ್ಡು ಯಾರ ಸ್ವಂತ ಖಾತೆಗೂ ಹೋಗದಿರಲಿ. ಕಾಲೇಜಿನ ಹೆಸರಿನಲ್ಲಿ ಬೇರೆ ಖಾತೆ, ಎರಡು ಸಹಿ, ಪ್ರತಿಯೊಂದಕ್ಕೂ ರಸೀದಿ.

ನೇಪಾಳಕ್ಕೂ ಭೂತಾನಕ್ಕೂ ವಿದೇಶಿ ವಿನಿಮಯ ಕೊಡುವುದಿಲ್ಲ. ಡಾಲರ್ ಗೀಲರ್ ತಂಟೆ ಬೇಡ. ನಮ್ಮ 100 ರೂಪಾಯಿಗೆ ನೇಪಾಳಿ 160, ಈ ದರ 1993ರಿಂದ ಹಾಗೇ ಇದೆ. ದೊಡ್ಡ ನೋಟಿನ ನಿಯಮ ಹಲವು ಸಲ ಬದಲಾಗಿರುವುದರಿಂದ 100ರ ನೋಟುಗಳ ಕಟ್ಟು ಒಯ್ಯುವುದೇ ನಿಶ್ಚಿಂತೆ. ನಾವು ಬಂದ ಮರುತಿಂಗಳು, 2024ರ ಮಾರ್ಚ್‌ನಲ್ಲಿ, ಅಲ್ಲಿ ಫೋನ್‌ಪೇ ಅಲ್ಲದ ‘ಫೋನೆಪೇ’ ಅನ್ನುವ ಜಾಲದ ಅಂಗಡಿಗಳಲ್ಲಿ ನಮ್ಮ ಯುಪಿಐ ಶುರುವಾಯಿತು. ಆದರೆ ಗುಡ್ಡದ ಮೇಲಿನ ಅಂಗಡಿಗೆ ನೋಟೇ ಸರಿ.

ಒಟ್ಟು ಖರ್ಚಿನ ಮೇಲೆ ಎರಡು ದಿನದ ಊಟ, ವಸತಿ, ಟಿಕೆಟ್ ಬದಲಾವಣೆಯ ದುಡ್ಡು ಪ್ರತ್ಯೇಕವಾಗಿ ಎತ್ತಿಡಿ. 2025ರ ಸೆಪ್ಟೆಂಬರ್‌ನ ಗಲಭೆಯಲ್ಲಿ ಕಠ್ಮಂಡುವಿನ ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ಗಲಭೆ ಇಲ್ಲದಿದ್ದರೂ ಆ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ.

ಹೆಜ್ಜೆ 7: ಪೋಷಕರ ಸಭೆ, ಆರೋಗ್ಯ

ಸಭೆ ಎರಡು ಸಲ ಮಾಡಿ. ಮೊದಲ ಸಭೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಮನೆಗೆ ಹೋಗಿ ಯೋಚಿಸಿ ಎರಡನೆಯದಕ್ಕೆ ಬರುತ್ತಾರೆ. ಚಾಮರಾಜಪೇಟೆಯ ಒಬ್ಬ ತಾಯಿ ಕೊನೆಯ ಸಾಲಿನಲ್ಲಿ ಎದ್ದು ನಿಂತು, ‘ಸಾರ್, ಅಲ್ಲಿ ನಮ್ಮೋರು ಅಂತ ಯಾರಾದ್ರೂ ಇದಾರಾ?’ ಅಂದರು. ಪಶುಪತಿನಾಥನ ಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದವರು ಕಣಮ್ಮಾ ಅಂದೆ. ಆಕೆಯ ಮುಖ ಅರಳಿತು, ವಿಮೆಯ ಬಗ್ಗೆ ನಾನು ಹತ್ತು ನಿಮಿಷ ಹೇಳಿದ್ದು ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು.

ವಿಮೆಯೂ ಬೇಕು. ಎಷ್ಟು ಮೀಟರ್ ಎತ್ತರದ ತನಕ ಅನ್ವಯ, ಹೆಲಿಕಾಪ್ಟರಿನಲ್ಲಿ ಸಾಗಿಸುವ ಖರ್ಚು ಸೇರಿದೆಯೆ ಅನ್ನುವ ಎರಡು ಸಾಲು ಹುಡುಕಿ ಓದಿ. ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೊಂದರೆಯಿಲ್ಲ. 2,500 ದಾಟಿದರೆ ಎತ್ತರದ ಕಾಯಿಲೆಯ ಮಾತು ಬರುತ್ತದೆ. ಟೈಫಾಯ್ಡ್, ಹೆಪಟೈಟಿಸ್ ಎ, ಟೆಟನಸ್ ಬಗ್ಗೆ ಆರು ವಾರ ಮೊದಲೇ ಡಾಕ್ಟರನ್ನು ಕೇಳಿ. ಕುದಿಸಿದ ನೀರೇ ಕುಡಿಯಬೇಕು. ನಮ್ಮಲ್ಲಿ ನಾಲ್ವರಿಗೆ ಹೊಟ್ಟೆ ಕೆಟ್ಟಿದ್ದು ದಾರಿಬದಿಯ ಪಾನಿಪುರಿಯಿಂದ. ಓಆರ್‌ಎಸ್ ಪುಡಿ ನಾನು ತಂದದ್ದಕ್ಕಿಂತ ಎರಡರಷ್ಟು ತನ್ನಿ. ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು, ಎಷ್ಟು ಹೊತ್ತಿನ ದಾರಿ ಅಂತ ಬರೆದಿಡಿ. ನಮಗೆ ಧುಲಿಖೇಲ್ ಆಸ್ಪತ್ರೆ. ಅಲ್ಲಿ ಪೊಲೀಸ್ 100, ಆಂಬ್ಯುಲೆನ್ಸ್ 102. ಭಾರತದ ರಾಯಭಾರ ಕಚೇರಿ ಕಠ್ಮಂಡುವಿನ ಲೈನ್‌ಚೌರ್‌ನಲ್ಲಿದೆ, ನಿಮ್ಮ ಗುಂಪಿನ ಹೆಸರುಗಳನ್ನು ಮುಂಚೆಯೇ ಅವರಿಗೆ ಇಮೇಲ್ ಮಾಡಿ.

ಹೆಜ್ಜೆ 8: ಸಾಮಾನು

ಇಲ್ಲಿ ನಾನು ಎಡವಿದೆ. ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಸಿಕ್ಕವು ಅಂತ ನಾಲ್ಕು ಹಳೇ ಲ್ಯಾಪ್‌ಟಾಪ್ ಕೊಂಡು ನಾಲ್ವರ ಬ್ಯಾಗಿಗೆ ಒಂದೊಂದು ತುರುಕಿದೆ. ಅವರ ಹತ್ತಿರ ಸ್ವಂತದ್ದೂ ಒಂದೊಂದಿತ್ತು. ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಎರಡೇಕೆ ಅಂತ ಕೇಳಿದರು, ನನ್ನ ಹತ್ತಿರ ಕಾಗದವಿರಲಿಲ್ಲ, ಸುಂಕ ಕಟ್ಟಿದೆ. ಅಗ್ಗದ್ದು ತುಟ್ಟಿಯಾಯಿತು. ಕಠ್ಮಂಡುವಿನ ನ್ಯೂ ರೋಡ್ ಅಂದರೆ ನಮ್ಮ ಎಸ್.ಪಿ. ರೋಡಿನ ತಮ್ಮ, ಏನು ಬೇಕೋ ಅಲ್ಲೇ ಕೊಳ್ಳಿ, ನಾಳೆ ಕೆಟ್ಟರೆ ಶಾಲೆಯವರಿಗೂ ಅಂಗಡಿ ಹತ್ತಿರವಿರುತ್ತದೆ. ಬಟನ್ ಸೆಲ್, ಸ್ಕ್ರೂಡ್ರೈವರ್ ಸೆಟ್, ಬೆಚ್ಚನೆಯ ಸ್ವೆಟರ್, ಟಾರ್ಚ್ ಇಷ್ಟು ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕುವಂತಿಲ್ಲ. ಮಕ್ಕಳಿಗೆ ಕೈಗೆ ಕೈಗೆ ಚಾಕೊಲೇಟ್ ಹಂಚುವ ಚಪಲ ಬೇಡ. ಪುಸ್ತಕ, ಪೆನ್ಸಿಲ್ ಏನಿದ್ದರೂ ಹೆಡ್‌ಮಾಸ್ಟರ ಕೈಗೆ ಕೊಡಿ.

ಹೆಜ್ಜೆ 9: ಅಲ್ಲಿಯ ದಿನಚರಿ

ಗಡಿಯಾರವನ್ನು 15 ನಿಮಿಷ ಮುಂದೆ ತಿರುಗಿಸಿ. ಬೆಳಿಗ್ಗೆ ಎಂಟಕ್ಕೆ ಇಡ್ಲಿ ಬೇಡುವ ಹೊಟ್ಟೆಗೆ ಅಲ್ಲಿ ಸಿಗುವುದು ಟೀ, ಬಿಸ್ಕತ್ತು. ಒಂಬತ್ತೂವರೆ ಹತ್ತರ ಸುಮಾರಿಗೆ ದಾಲ್ ಭಾತ್, ಅಂದರೆ ಅನ್ನ, ತೊವ್ವೆ, ಪಲ್ಯ, ಉಪ್ಪಿನಕಾಯಿ ಸೇರಿದ ಪೂರ್ತಿ ಊಟ. ಆಮೇಲೆ ಶಾಲೆ. ಮತ್ತೆ ಊಟ ರಾತ್ರಿಗೇ. ನೇಪಾಳಿ ಮಾತುಗಳಲ್ಲಿ ‘ನಮಸ್ತೆ’ಯ ನಂತರ ಕಲಿಯಬೇಕಾದದ್ದು ‘ಪುಗ್ಯೋ’, ಅಂದರೆ ಸಾಕು. ಅದು ಗೊತ್ತಿಲ್ಲದ ನಮ್ಮ ಹುಡುಗನೊಬ್ಬ ಮೊದಲ ದಿನ ಸೌಟಿಗೆ ಕೈ ಅಡ್ಡ ಹಿಡಿದು ಹಿಡಿದು ಸೋತು ನಾಲ್ಕು ಸಲ ಅನ್ನ ಹಾಕಿಸಿಕೊಂಡ. ದೊಡ್ಡವರಿಗೆ ದಾಯಿ, ದಿದಿ, ಅಂದರೆ ಅಣ್ಣ, ಅಕ್ಕ. ಎಂಜಲಿನ ಕಟ್ಟುನಿಟ್ಟು ನಮ್ಮ ಅಜ್ಜಿಯರ ಮನೆಯಲ್ಲಿದ್ದಷ್ಟೇ ಇದೆ. ಅವರ ಮಾತು ‘ಜೂಠೋ’. ಕಚ್ಚಿದ್ದನ್ನು ಹಂಚಬೇಡಿ, ಬಾಟಲಿಗೆ ಬಾಯಿ ಹಚ್ಚಬೇಡಿ.

ಕೆಲಸದಲ್ಲಿ ಒಂದು ಶಿಸ್ತು ಇಟ್ಟಿದ್ದೆವು: ಸ್ಕ್ರೂಡ್ರೈವರ್ ಯಾವಾಗಲೂ ಶಾಲೆಯವರ ಕೈಯಲ್ಲಿ. ನಮ್ಮವರು ಹಿಂದೆ ನಿಂತು ಹೇಳಬೇಕು, ಕಿತ್ತುಕೊಂಡು ತಾವೇ ಮಾಡಬಾರದು. ಇದು ಬಹಳ ಕಷ್ಟ. ಹತ್ತು ನಿಮಿಷದ ಕೆಲಸ ಎರಡು ಗಂಟೆಯಾಗುತ್ತದೆ. ಮೂರನೇ ದಿನ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ರ‍್ಯಾಮ್ ಪಟ್ಟಿಯನ್ನು ಬಿಚ್ಚಿ, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ ಕೂರಿಸಿದಳು. ಏಳನೇ ಕಂಪ್ಯೂಟರ್ ಎದ್ದಿತು. ಎಂಟನೆಯದಕ್ಕೆ ಕರೆಂಟ್ ಪೂರೈಸುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಬದಲಾಯಿಸಿದೆವು. ಒಂಬತ್ತನೆಯದು ಸತ್ತೇ ಹೋಗಿತ್ತು. ಅದನ್ನು ಬಿಚ್ಚಿ ಕಲಿಯುವುದಕ್ಕೆ ಇಟ್ಟುಕೊಂಡರು. ಕೊನೆಗೆ ಓಎಲ್‌ಇ ನೇಪಾಳ ಅನ್ನುವ ಸಂಸ್ಥೆಯವರ ಉಚಿತ ಇ-ಪುಸ್ತಕಾಲಯದಿಂದ ನೇಪಾಳಿ ಪುಸ್ತಕಗಳನ್ನು ಇಂಟರ್‌ನೆಟ್ ಇಲ್ಲದೆಯೂ ಓದುವ ಹಾಗೆ ತುಂಬಿಸಿದೆವು.

ಮಕ್ಕಳ ಮುಖ ಕಾಣುವ ಫೋಟೊ ಹಾಕಬಾರದು, ಯಾರೂ ಒಂದು ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರಬಾರದು. ಇವೆರಡನ್ನು ಹೊರಡುವ ಮೊದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ರಾತ್ರಿ ಊಟದ ನಂತರ ಅರ್ಧ ಗಂಟೆ ಎಲ್ಲರೂ ಕೂತು ಮಾತಾಡಿ. ಜಗಳವೆಲ್ಲ ಐದನೇ ದಿನಕ್ಕೆ ಹೊರಬರುತ್ತದೆ, ಬರಲಿ.

ಹೆಜ್ಜೆ 10: ಬಂದ ಮೇಲೆ

ಉಳಿದ ನೇಪಾಳಿ ನೋಟನ್ನು ಅಲ್ಲೇ ಬದಲಾಯಿಸಿಕೊಳ್ಳಿ, ಬೆಂಗಳೂರಿನಲ್ಲಿ ಅಲೆಯಬೇಕಾಗುತ್ತದೆ. ಹದಿನೈದು ದಿನದೊಳಗೆ ಲೆಕ್ಕ ಬರೆದು ಚಂದಾ ಕೊಟ್ಟವರಿಗೆಲ್ಲ ಕಳಿಸಿ. ನಾನು ಕಟ್ಟಿದ ಸುಂಕವನ್ನೂ ಅದರಲ್ಲಿ ಬರೆದೆ, ನನ್ನ ಜೇಬಿನಿಂದ ಅಂತ. ಶಾಲೆಗೆ ತಿಂಗಳಿಗೊಂದು ಕಾಲ್ ಯಾರು ಮಾಡಬೇಕು ಅನ್ನುವುದನ್ನು ಹೆಸರು ಹಾಕಿ ಹಂಚಿಕೊಳ್ಳಿ. ಕೊನೆಯ ವರ್ಷದವರಿಗೆ ಕೊಡಬೇಡಿ, ಪಾಸಾಗಿ ಹೋಗಿಬಿಡುತ್ತಾರೆ. ನಮ್ಮ ಈ ಕೆಲಸ ಈಗ ಎರಡನೇ ವರ್ಷದ ಇಬ್ಬರ ಪಾಲಿಗಿದೆ. ಹೋದ ತಿಂಗಳ ಕಾಲ್‌ನಲ್ಲಿ ಹೆಡ್‌ಮಾಸ್ಟರು ಫೋನನ್ನು ಆ ಕೋಣೆಗೆ ತಂದರು. ಪಕ್ಕದ ಶಾಲೆಯವರ ಕಂಪ್ಯೂಟರೊಂದು ರಿಪೇರಿಗೆ ಬಂದು ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿತ್ತು. ನಮ್ಮವರು ಏನೋ ಹೇಳಲು ಹೊರಟರು. ‘ಪುಗ್ಯೋ, ಪುಗ್ಯೋ’ ಅಂದಳು ಆ ಹುಡುಗಿ, ರಬ್ಬರ್ ಹುಡುಕುತ್ತಾ.